ಜರ್ಮನಿಯಲ್ಲಿ ಟೊರೆಂಟ್: ವಕೀಲರ ಪತ್ರಕ್ಕೆ ಸಹಿ ಹಾಕುವ ಮುನ್ನ

ಜರ್ಮನಿಗೆ ಓದಲು ಹೊರಟಿರುವ ಬೆಂಗಳೂರಿನ ಮಕ್ಕಳಿಗೆ ಬ್ಲಾಕ್ಡ್ ಅಕೌಂಟ್ (ವೀಸಾಕ್ಕಾಗಿ ಖರ್ಚಿನ ಹಣ ಮುಂಚಿತವಾಗಿ ಇಡುವ ಖಾತೆ), ಆರೋಗ್ಯ ವಿಮೆಗಳ ಬಗ್ಗೆ ಹೇಳಲು ಏನೂ ಉಳಿದಿಲ್ಲ. ಹೇಳಬೇಕಾದದ್ದು ಟೊರೆಂಟ್ ಬಗ್ಗೆ, ಅಂದರೆ ಸಿನಿಮಾದಂಥ ಕಡತಗಳನ್ನು ಬಳಕೆದಾರರೇ ಪರಸ್ಪರ ಹಂಚಿಕೊಳ್ಳುವ ವಿಧಾನದ ಬಗ್ಗೆ. ನಾವು ಅಲ್ಲಿದ್ದಾಗ ಕಳೆದುಕೊಂಡಂತೆಯೇ ಹೊಸಬರು ಇಂದಿಗೂ ಹಣ ಕಳೆದುಕೊಳ್ಳುತ್ತಿದ್ದಾರೆ.

ಇಲ್ಲಿ ಸಿನಿಮಾ ಸೋರಿಕೆಯಾದರೆ ನಿರ್ಮಾಪಕರು ಹೈಕೋರ್ಟಿಗೆ ಹೋಗಿ ಜಾಲತಾಣಗಳನ್ನೇ ಮುಚ್ಚಿಸುತ್ತಾರೆ. ಆದೇಶ ಪಾಲಿಸಿದ ಇಂಟರ್ನೆಟ್ ಕಂಪನಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಮಿನ ರಕ್ಷಣೆಯಿದೆ. ಮನೆಯಲ್ಲಿ ಕೂತು ನೋಡಿದವನನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಜರ್ಮನಿಯಲ್ಲೂ ಗ್ರಾಹಕ ಹಂಚಿದ್ದಕ್ಕೆ ಕಂಪನಿ ಪರಿಹಾರ ತೆರಬೇಕಿಲ್ಲ, ಆದರೆ ಗ್ರಾಹಕನ ಹೆಸರು, ವಿಳಾಸ ಕೊಡಬೇಕು. ಟೊರೆಂಟ್‌ನಲ್ಲಿ ಇಳಿಸಿಕೊಳ್ಳುತ್ತಿರುವಾಗಲೇ ನೀವು ಅದೇ ಕಡತವನ್ನು ಇತರರಿಗೆ ಹಂಚುತ್ತಲೂ ಇರುತ್ತೀರಿ. ಹಕ್ಕುದಾರರ ಪರವಾಗಿ ಕಣ್ಣಿಟ್ಟವರು ನಿಮ್ಮ ಇಂಟರ್ನೆಟ್ ಸಂಪರ್ಕದ ಗುರುತಾದ ಐಪಿ ವಿಳಾಸವನ್ನೂ ಸಮಯವನ್ನೂ ದಾಖಲಿಸುತ್ತಾರೆ. ಅಲ್ಲಿನ ಕೃತಿಸ್ವಾಮ್ಯ ಕಾಯ್ದೆಯ 101ನೇ ಕಲಮಿನಡಿ ನ್ಯಾಯಾಲಯದ ಆದೇಶ ತರುತ್ತಾರೆ. ಬಳಿಕ ಬರುವುದೇ ಆಬ್‌ಮಾನುಂಗ್, ಅಂದರೆ ವಕೀಲರ ಎಚ್ಚರಿಕೆ ಪತ್ರ.

ಗಿರಿನಗರದ ಪರಿಚಿತರೊಬ್ಬರು ಅಂಥದೊಂದು ಪತ್ರವನ್ನು ಮೊಬೈಲಿನಲ್ಲಿ ತೋರಿಸಿದರು. ಮಗ ಸ್ಟುಟ್‌ಗಾರ್ಟಿನಲ್ಲಿದ್ದಾನೆ. ಸಿನಿಮಾದ ಹೆಸರು, ಸೆಕೆಂಡಿನವರೆಗೆ ಸಮಯ, ಹಲವು ನೂರು ಯೂರೊ ಬೇಡಿಕೆ, ಬ್ಯಾಂಕ್ ಖಾತೆ, ಹತ್ತಿರದ ಗಡುವು. ಕೊನೆಯ ಹಾಳೆ, ಮತ್ತೆ ಹೀಗೆ ಮಾಡುವುದಿಲ್ಲವೆಂದು ಸಹಿಗೆ ಸಿದ್ಧವಾದ ಮುಚ್ಚಳಿಕೆ. ಹುಡುಗ ಹೆದರಿ ಸಹಿ ಹಾಕಿ ಹಣವನ್ನೂ ಕಟ್ಟಿಬಿಟ್ಟಿದ್ದ.

ಕಟ್ಟಿದ ಹಣಕ್ಕಿಂತ ಆ ಸಹಿಯೇ ದುಬಾರಿ. ಅವರೇ ಬರೆದ ಮುಚ್ಚಳಿಕೆಯಲ್ಲಿ ಅನೇಕ ವೇಳೆ ತಪ್ಪೊಪ್ಪಿಗೆಯೂ ಹಣ ಕೊಡುವ ಒಪ್ಪಿಗೆಯೂ ಸೇರಿಕೊಂಡಿರುತ್ತವೆ. ಅದು ಜೀವಮಾನವಿಡೀ ಕಟ್ಟಿಹಾಕುವ ಒಪ್ಪಂದ. ಮತ್ತೆ ಉಲ್ಲಂಘಿಸಿದರೆ ಒಪ್ಪಂದದ ದಂಡ ಬೇರೆ. ಖಾಸಗಿ ವ್ಯಕ್ತಿಯಿಂದ ವಸೂಲು ಮಾಡುವ ವಕೀಲರ ಶುಲ್ಕವನ್ನು, ವ್ಯಾಜ್ಯದ ಮೌಲ್ಯ 1000 ಯೂರೊ ಎಂದಿಟ್ಟುಕೊಂಡು ಲೆಕ್ಕಹಾಕಿದಷ್ಟಕ್ಕೆ ಮಿತಿಗೊಳಿಸುವ 2013ರ ನಿಯಮವಿದೆ. ಆ ಹಕ್ಕುದಾರರಿಗೆ ಮುಚ್ಚಳಿಕೆ ಬರೆದುಕೊಟ್ಟವನಿಗೆ ಮುಂದಿನ ಸಲ ಆ ಮಿತಿಯ ರಕ್ಷಣೆಯೂ ತಪ್ಪುತ್ತದೆ. ಆದ್ದರಿಂದ ಅವರ ಹಾಳೆಗೆ ಹಾಗೆಯೇ ಸಹಿ ಹಾಕಬೇಡಿ. ಗಡುವಿನೊಳಗೆ ಗ್ರಾಹಕ ಸಲಹಾ ಕೇಂದ್ರಕ್ಕೋ (ಫೆರ್‌ಬ್ರೌಖರ್‌ತ್ಸೆಂಟ್ರಾಲೆ) ವಕೀಲರ ಬಳಿಗೋ ಹೋಗಿ. ಮುಚ್ಚಳಿಕೆ ಅಗತ್ಯವಾದರೆ ತಪ್ಪೊಪ್ಪಿಗೆಯಿಲ್ಲದೆ, ಆ ಒಂದು ಕೃತಿಗಷ್ಟೇ ಸೀಮಿತವಾಗಿ ತಿದ್ದಿ ಬರೆಸಿ.

ಹಾಗೆಂದು ಪತ್ರವನ್ನು ಕಸದ ಬುಟ್ಟಿಗೆ ಎಸೆಯಲೂಬಾರದು. ಮುಂದೆ ನ್ಯಾಯಾಲಯದ ಹಳದಿ ಲಕೋಟೆ ಬಂದೀತು. ಅದರಲ್ಲಿ ಹಣ ಪಾವತಿಯ ಆದೇಶವಿದ್ದರೆ ಆಕ್ಷೇಪಿಸಲು ಇರುವುದು ಎರಡೇ ವಾರ.

ನನ್ನ ಮಟ್ಟಿಗೆ ಫ್ರಾನ್ಸಿನ ಪದ್ಧತಿ ಇದಕ್ಕಿಂತ ಮಾನವೀಯ. ಅಲ್ಲಿ ಸರ್ಕಾರಿ ಪ್ರಾಧಿಕಾರ ಮೊದಲು ಇಮೇಲ್ ಮೂಲಕ ಎಚ್ಚರಿಸುತ್ತದೆ, ಮರುಕಳಿಸಿದರೆ ನೋಂದಾಯಿತ ಪತ್ರ, ಆಮೇಲಷ್ಟೇ ಪ್ರಕರಣ. ಮೊದಲ ಪತ್ರದಲ್ಲೇ ವಿದ್ಯಾರ್ಥಿಯಿಂದ ತಿಂಗಳ ಖರ್ಚು ಕಿತ್ತುಕೊಳ್ಳುವುದು ನ್ಯಾಯವಲ್ಲ.

ವಿಮಾನ ಹತ್ತುವ ಮೊದಲೇ ಲ್ಯಾಪ್‌ಟಾಪಿನಿಂದ ಟೊರೆಂಟ್ ತಂತ್ರಾಂಶ ತೆಗೆದುಹಾಕಿ. ಬೆಂಗಳೂರಿನಲ್ಲಿ ಇಳಿಸಿದ್ದ ಸಿನಿಮಾವನ್ನು ಅದು ಅಲ್ಲಿ ತಾನಾಗಿಯೇ ಹಂಚತೊಡಗಬಹುದು. ಆ ಹುಡುಗನಿಗೆ ಆದದ್ದು ಅದೇ. ನಾಲ್ವರಿರುವ ಮನೆಯಲ್ಲಿ ಸಂಪರ್ಕ ಯಾರ ಹೆಸರಿನಲ್ಲಿದೆಯೋ ಪತ್ರ ಬರುವುದು ಅವರಿಗೇ. ಬೇರೆ ಯಾರು ಬಳಸುತ್ತಿದ್ದರೆಂದು ನ್ಯಾಯಾಲಯಕ್ಕೆ ವಿವರಿಸಬೇಕಾದವರೂ ಅವರೇ. ಯಾವ ಮಗುವಿನ ಕೆಲಸವೆಂದು ಗೊತ್ತಿದ್ದೂ ಹೆಸರು ಹೇಳದ ತಂದೆತಾಯಿಯೇ ಹಣ ತೆರಬೇಕೆಂದು ಜರ್ಮನಿಯ ಫೆಡರಲ್ ನ್ಯಾಯಾಲಯ 2017ರಲ್ಲಿ ತೀರ್ಪು ಕೊಟ್ಟಿದೆ. ಕೋಣೆಯ ಗೆಳೆಯನನ್ನು ಉಳಿಸಲು ಬಾಯಿ ಮುಚ್ಚಿಕೊಂಡವನಿಗೆ ಇದಕ್ಕಿಂತ ಹೆಚ್ಚಿನ ರಿಯಾಯಿತಿ ಸಿಗಲಾರದು.