ಸೇಲ್‌ಫಿಶ್‌ಗೆ ಮೊದಲು ಸಿಟ್ಟು ಬರಿಸಿ, ಆಮೇಲೆ ಗಾಳ ಎಸೀರಿ

ಫ್ಲೈ ಅಂದ್ರೆ ಹಕ್ಕಿ ಪುಕ್ಕ, ದಾರ ಸುತ್ತಿ ಮಾಡಿದ ಗಾಳ, ಅದಕ್ಕೆ ತೂಕಾನೇ ಇರಲ್ಲ, ತೂಕ ಇರೋದು ದಪ್ಪ ಲೈನಲ್ಲಿ, ಲೈನ್ ಬೀಸಿದ್ರೆ ಗಾಳ ಅದರ ಬಾಲ ಹಿಡ್ಕೊಂಡು ಹೋಗುತ್ತೆ. ಹೊಳೇಲಿ ಟ್ರೌಟ್‌ಗೆ ಓಕೆ, ಆದ್ರೆ ನಡುಸಮುದ್ರದಲ್ಲಿ ಬೆನ್ನ ಮೇಲೆ ಹಾಯಿ, ಈಟಿಯಂಥ ಕೊಕ್ಕು ಇರೋ ಆಳೆತ್ತರದ ಸೇಲ್‌ಫಿಶ್ ಈ ಪುಕ್ಕಾನ ಯಾಕೆ ಮೂಸಿ ನೋಡುತ್ತೆ ಹೇಳಿ? ಉಪಾಯ ಹುಡುಕಿದ್ದು ಡಾ. ವೆಬ್‌ಸ್ಟರ್ ರಾಬಿನ್ಸನ್, ಅವರ ಹೆಂಡ್ತಿ ಹೆಲೆನ್, ಕ್ಯಾಪ್ಟನ್ ಲೆಫ್ಟಿ ರೀಗನ್. 1962ರಲ್ಲಿ ಪನಾಮಾದಲ್ಲಿ ಹಿಡಿದೇ ತೋರಿಸಿದ್ರು, ಇವತ್ತಿಗೂ ಎಲ್ಲರೂ ಮಾಡೋದು ಅದನ್ನೇ.

ಸಾಮಾನು ಜಾಸ್ತಿ ಏನಿಲ್ಲ. 12ರಿಂದ 14 ವೇಟ್‌ನ ರಾಡ್ (ವೇಟ್ ಅಂದ್ರೆ ರಾಡ್ ಎಷ್ಟು ಭಾರದ ಲೈನ್ ಬೀಸುತ್ತೆ ಅನ್ನೋ ನಂಬರ್), ಒಳ್ಳೆ ಬ್ರೇಕ್ ಇರೋ ರೀಲ್, ಅದ್ರಲ್ಲಿ ಕಮ್ಮಿ ಅಂದ್ರೂ 300 ಮೀಟರ್ ಬ್ಯಾಕಿಂಗ್, ಅಂದ್ರೆ ಮೀನು ದೂರ ಓಡಿದಾಗ ಬಿಡೋಕೆ ಲೈನ್ ಹಿಂದೆ ಸುತ್ತಿಟ್ಟ ತೆಳು ದಾರ. ರೆಕಾರ್ಡ್ ಆಸೆ ಇದ್ರೆ ಟಿಪ್ಪೆಟ್, ಅಂದ್ರೆ ಲೈನ್ ತುದೀಲಿರೋ ತೆಳು ದಾರ, ತಡೆಯೋ ಶಕ್ತಿ 20 ಪೌಂಡ್ ಮೀರಬಾರ್ದು, ಮೀನಿನ ಒರಟು ಮೂತಿ ಉಜ್ಜಿದ್ರೂ ತುಂಡಾಗದ ದಪ್ಪ ದಾರ ಗಾಳದ ಹತ್ರ 12 ಇಂಚು ಅಷ್ಟೇ.

ಈಗ ಅಸಲಿ ಕೆಲಸ, ಇದು ಒಬ್ರಿಂದ ಆಗೋದಲ್ಲ. ಕೊಕ್ಕೆ ಇಲ್ಲದ ಮೀನಿನ ತುಂಡನ್ನ ಬೋಟ್ ಹಿಂದೆ ಎಳೀತಾ ಹೋಗ್ಬೇಕು, ಸೇಲ್‌ಫಿಶ್ ಬಂದು ಬಾಯಿ ಹಾಕಿದ ತಕ್ಷಣ ಜೊತೆಗಾರ ಅದನ್ನ ಕಿತ್ಕೋಬೇಕು, ಮತ್ತೆ ಕೊಡ್ಬೇಕು, ಮತ್ತೆ ಕಿತ್ಕೋಬೇಕು, ಮಗು ಕೈಯಿಂದ ಚಕ್ಕುಲಿ ಕಸ್ಕೊಂಡ ಹಾಗೆ, ಹೀಗೆ ಮಾಡ್ತಾ ಮಾಡ್ತಾ ಬೋಟಿಂದ ಮೂವತ್ತು ನಲವತ್ತು ಅಡಿವರೆಗೂ ಕರ್ಕೊಂಡು ಬರ್ಬೇಕು. ಸಿಟ್ಟು ನೆತ್ತಿಗೇರಿದಾಗ ಮೈಯೆಲ್ಲಾ ಕಡುನೀಲಿ ಮಿಂಚುತ್ತೆ. ನನ್ನ ಕೇಳಿದ್ರೆ ಅರ್ಧಕ್ಕಿಂತ ಹೆಚ್ಚು ಕ್ರೆಡಿಟ್ ಈ ಆಟ ಆಡಿಸೋರಿಗೇ ಹೋಗ್ಬೇಕು, ಫೋಟೋದಲ್ಲಿ ಮಾತ್ರ ರಾಡ್ ಹಿಡಿದೋರು!

ಆಗ ಕ್ಯಾಪ್ಟನ್ ಬೋಟ್‌ನ ನ್ಯೂಟ್ರಲ್‌ಗೆ ಹಾಕ್ತಾರೆ. ಓಡೋ ಬೋಟಿಂದ ಎಸೆದ್ರೆ ಅದು ಟ್ರೋಲಿಂಗ್ (ಗಾಳನ ಬೋಟ್ ಹಿಂದೆ ಎಳ್ಕೊಂಡು ಹೋಗೋದು) ಲೆಕ್ಕ, ರೆಕಾರ್ಡ್‌ಗೆ ನಡೆಯಲ್ಲ. ಜೊತೆಗಾರ ತುಂಡನ್ನ ನೀರಿಂದ ಪೂರ್ತಿ ಎತ್ತಿಬಿಡ್ಬೇಕು, ಅದೇ ಜಾಗಕ್ಕೆ ನಿಮ್ಮ ಫ್ಲೈ ಬೀಳ್ಬೇಕು, ಮೀನಿನ ಪಕ್ಕಕ್ಕೆ ಸ್ವಲ್ಪ ಹಿಂದೆ ಬಿದ್ರೆ ಇನ್ನೂ ಒಳ್ಳೇದು, ತಿರುಗಿ ಕಚ್ಚುತ್ತೆ. ನೇರ ನಿಮ್ಮ ಕಡೆ ಬರ್ತಾ ಕಚ್ಚಿದಾಗ ಎಳೆದ್ರೆ ಗಾಳ ಜಾರಿ ಆಚೆ ಬರುತ್ತೆ, ಸೋ ಮೀನು ಪಕ್ಕಕ್ಕೆ ತಿರುಗೋವರೆಗೂ ತಡ್ಕೊಳ್ಳಿ, ಆಮೇಲೆ ರಾಡ್ ತಗ್ಗಿಸಿ ಕೈಯಲ್ಲೇ ಲೈನ್ ಜಗ್ಗಿ.

ಮುಂದಿನ ಕೆಲವು ಸೆಕೆಂಡ್ ಮೀನನ್ನಲ್ಲ, ನಿಮ್ಮ ಕಾಲ ಬುಡಾನ ನೋಡಿ, ಡೆಕ್ ಮೇಲೆ ಬಿದ್ದಿರೋ ಲೈನ್ ಕಾಲಿಗೋ ಶರ್ಟ್ ಬಟನ್‌ಗೋ ಸಿಕ್ಕೊಂಡ್ರೆ ಕಥೆ ಮುಗೀತು. ಮೀನು ಹಾರಿದಾಗೆಲ್ಲ ರಾಡ್ ಮುಂದಕ್ಕೆ ಚಾಚಿ ಬಗ್ಗಿ, ಲೈನ್ ಸಡಿಲ ಆಗ್ಲಿ. ಫ್ಲಾರಿಡಾ ಕೀಸ್‌ನ ಗೈಡ್ ಸ್ಟೂ ಆಪ್ಟಿ 1965ರಲ್ಲಿ ಪನಾಮಾದಲ್ಲೇ 136 ಪೌಂಡ್ ಸೇಲ್‌ಫಿಶ್ ಹಿಡಿದ್ರಲ್ಲ, ಅವರ ಟಿಪ್ಪೆಟ್ ಬರೀ 12 ಪೌಂಡ್‌ದು, ಯೋಚ್ನೆ ಮಾಡಿ.

ಸುಸ್ತಾದ ಮೀನನ್ನ ಬೋಟ್ ಮೇಲೆ ಎಳೀಬೇಡಿ. ಗ್ಲೌಸ್ ಹಾಕ್ಕೊಂಡು ಕೊಕ್ಕು ಹಿಡೀರಿ, ಬೋಟ್ ನಿಧಾನ ಮುಂದೆ ಹೋದ್ರೆ ಕಿವಿರಲ್ಲಿ ನೀರು ಹರಿಯುತ್ತೆ, ಅದು ತಾನಾಗೇ ಬಾಲ ಬಡಿದಾಗ ಕೈ ಬಿಡಿ.