ಜಾರ್ಜ್ ಟೌನಿನ ಬೀದಿಗಳಲ್ಲಿ ಗೈಡ್ ಜೊತೆ ನಡೆಯುತ್ತಾ ತಿನ್ನುವುದು: ನನ್ನ ಅನುಭವ

ಮಲೇಷ್ಯಾದ ಪಿನಾಂಗಿನಲ್ಲಿ ಜಾರ್ಜ್ ಟೌನಿನ ಫುಡ್ ವಾಕ್ ಬುಕ್ ಮಾಡಿದ ಕೂಡಲೇ ನಾನು ಮಾಡುವ ಮೊದಲ ಕೆಲಸ, ಏನೇನು ತಿನ್ನುವುದಿಲ್ಲ ಎಂದು ಪದಾರ್ಥಗಳ ಹೆಸರು ಹಿಡಿದು ಗೈಡ್‌ಗೆ ಬರೆದು ಕಳಿಸುವುದು. ಬರೀ ವೆಜಿಟೇರಿಯನ್ ಎಂದರೆ ಅಲ್ಲಿ ಸಾಲದು. ತಟ್ಟೆಯಲ್ಲಿ ತುಂಡು ಕಾಣದಿದ್ದರೂ ಸಂಬಲ್ ಚಟ್ನಿಯಲ್ಲಿ ಬೆಲಚಾನ್ ಇರುತ್ತದೆ. ಅದು ಉಪ್ಪು ಹಾಕಿ ಹುದುಗಿಸಿದ ಸಿಗಡಿ. ಹಣ್ಣು, ಸೌತೆಕಾಯಿ ಕಲಸಿಕೊಡುವ ರೋಜಾಕ್‌ನ ಕಪ್ಪು ಸಾಸ್ ಕೂಡ ಸಿಗಡಿಯದೇ. ಬೆಳಗ್ಗೆ ಬ್ರೆಡ್ಡಿಗೆ ಸವರಿ ಕೊಡುವ ಕಾಯಾ ಎಂಬ ತೆಂಗಿನ ಹಾಲಿನ ಜಾಮ್‌ನಲ್ಲಿ ಮೊಟ್ಟೆ ಇದೆ. ಆದ್ದರಿಂದ ಮಾಂಸ, ಮೀನು, ಸಿಗಡಿ, ಮೊಟ್ಟೆ, ಹಂದಿ ಕೊಬ್ಬು, ಬೆಲಚಾನ್ ಎಂದು ಒಂದೊಂದನ್ನೂ ಬಿಡಿಸಿ ಬರೆಯಬೇಕು. ಶೇಂಗಾ ಆಗದವರು ಅದನ್ನೂ ಸೇರಿಸಿ, ರೋಜಾಕ್ ಮೇಲೆ ಅದನ್ನು ಪುಡಿ ಮಾಡಿ ಉದುರಿಸುತ್ತಾರೆ. ಎರಡು ಮೂರು ದಿನ ಮುಂಚೆ ಗೊತ್ತಾದರೆ ಗೈಡ್ ಅಂಗಡಿಯನ್ನೇ ಬದಲಿಸಿಕೊಳ್ಳಬಹುದು. ಒಲೆಯ ಮುಂದೆ ನಿಂತು ಹೇಳಿದರೆ ಅವರ ಕೈಯಲ್ಲಿ ಏನೂ ಇರುವುದಿಲ್ಲ.

ಇದು ಎಷ್ಟು ಮುಖ್ಯ ಎಂಬುದು ಚಾರ್ ಕ್ವೇ ಟಿಯಾವ್ ಎಂಬ ಹುರಿದ ನೂಡಲ್ಸಿನ ಗಾಡಿಯ ಮುಂದೆ ನಿಂತರೆ ತಿಳಿಯುತ್ತದೆ. ಚೆನ್ನಾಗಿ ಮಾಡುವವರು ಒಂದು ಸಲಕ್ಕೆ ಒಂದೇ ಪ್ಲೇಟ್ ಹುರಿಯುತ್ತಾರೆ. ಹೊಗೆಯಾಡುವ ಬಾಣಲೆಗೆ ಹಂದಿ ಕೊಬ್ಬು, ಬೆಳ್ಳುಳ್ಳಿ, ಸಿಗಡಿ, ಆಮೇಲೆ ಅಗಲವಾದ ಅಕ್ಕಿ ನೂಡಲ್ಸ್, ಸೋಯಾ ಸಾಸ್; ಒಂದು ಬದಿಗೆ ಸರಿಸಿ ಮೊಟ್ಟೆ, ಕೊನೆಗೆ ಮೊಳಕೆಕಾಳು. ನಾಲ್ಕು ಪ್ಲೇಟಿನದನ್ನು ಒಟ್ಟಿಗೆ ಸುರಿದರೆ ಬಾಣಲೆಯ ಕಾವು ಇಳಿದು ಮೊಳಕೆಕಾಳು ನೀರು ಬಿಡುತ್ತದೆ. ಆಗ ನೂಡಲ್ಸ್ ಹುರಿಯುವ ಬದಲು ಬೇಯುತ್ತದೆ, ಆ ಸುಟ್ಟ ಘಮ ಬರುವುದೇ ಇಲ್ಲ. ಹಾಗಾಗಿ ಇಲ್ಲಿ ಕಾಯುವುದು ಇದ್ದದ್ದೇ, ಅವಸರ ಮಾಡಬೇಡಿ. ಇದಕ್ಕೆ ಹಾಕುವ ಕಪ್ಪೆಚಿಪ್ಪನ್ನು ಅರೆಬೆಂದಂತೆಯೇ ಇಳಿಸುತ್ತಾರೆ. ಪ್ರಯಾಣದಲ್ಲಿ ಅದನ್ನು ಬಿಡುವುದು ಒಳ್ಳೆಯದು. ಮಲಯ ಭಾಷೆಯಲ್ಲಿ "ತಕ್ ಮಾವು ಕೆರಾಂಗ್" (ಕಪ್ಪೆಚಿಪ್ಪು ಬೇಡ) ಎಂದರೆ ಹಾಕುವುದಿಲ್ಲ. ಸಸ್ಯಾಹಾರಿಗಳು ಮಾತ್ರ ಇಲ್ಲಿ "ಕೊಬ್ಬು ಬೇಡ" ಎಂದು ಕೇಳಿ ಪ್ರಯೋಜನವಿಲ್ಲ, ಬಾಣಲೆ ಅದೇ, ಸೌಟೂ ಅದೇ. ಅಸಮ್ ಲಕ್ಸಾ ಎಂಬ ಸಾರು ನೂಡಲ್ಸಿನ ಕಥೆಯೂ ಇಷ್ಟೇ. ಅದರ ಹುಣಸೆಹುಳಿಯ ಸಾರೇ ಮೀನಿನದು, ಮೇಲೆ ಒಂದು ಚಮಚ ಸಿಹಿ ಸಿಗಡಿ ಸಾಸ್ ಬೇರೆ.

ದಾರಿ ಇರುವುದು ಚೀನೀ ಬೌದ್ಧರ ಸಸ್ಯಾಹಾರಿ ಅಂಗಡಿಗಳಲ್ಲಿ. ಅಲ್ಲಿನ ಚೀನೀಯರ ಹೊಕ್ಕಿಯೆನ್ ಭಾಷೆಯಲ್ಲಿ "ಚಿಯಾ ಚಾಯ್" (ಸಸ್ಯಾಹಾರ) ಎಂದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ. ಇದೇ ನೂಡಲ್ಸ್, ಇದೇ ಲಕ್ಸಾ ಅಲ್ಲಿ ಮೀನು, ಮಾಂಸ ಇಲ್ಲದೆ ಸಿಗುತ್ತದೆ. ಕಟ್ಟುನಿಟ್ಟಿನವರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ, ನಮ್ಮ ಕಡೆಯ ಮಡಿವಂತರಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ. ಚೀನೀ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ, ಅಂದರೆ ಹೆಚ್ಚುಕಡಿಮೆ ಅಮಾವಾಸ್ಯೆ ಹುಣ್ಣಿಮೆಗೆ, ಇಂಥ ಊಟ ಇನ್ನೂ ಹೆಚ್ಚು ಕಡೆ ಸಿಗುತ್ತದೆ. ಚೀನೀ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ ನವ ಚಕ್ರವರ್ತಿ ದೇವತೆಗಳ ಉತ್ಸವ. ಹಲವು ವರ್ಷ ಇದು ನಮ್ಮ ನವರಾತ್ರಿಯ ಹೊತ್ತಿಗೇ ಬೀಳುತ್ತದೆ. ಆಗ ಹಳದಿ ಬಾವುಟ ಕಟ್ಟಿದ ಸಸ್ಯಾಹಾರದ ಅಂಗಡಿಗಳ ಸಾಲೇ ಎದ್ದುಬಿಡುತ್ತದೆ. ಸಸ್ಯಾಹಾರಿಗಳಾಗಿದ್ದರೆ ಪ್ರವಾಸವನ್ನೇ ಆ ದಿನಗಳಿಗೆ ಹೊಂದಿಸಿಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ.

ಹೊತ್ತಿನ ವಿಷಯಕ್ಕೆ ಬಂದರೆ, ಮೊದಲ ಸಲ ಹೋಗುವವರಿಗೆ ಬೆಳಗಿನ ವಾಕ್ ಸರಿ. ಸಂಜೆಯ ಚುಲಿಯಾ ಬೀದಿಯ ಗಾಡಿಗಳು ರುಚಿಗೆ ಕಡಿಮೆಯಲ್ಲ, ಆದರೆ ಊರು ಅರ್ಥವಾಗುವುದು ಹಗಲಿನಲ್ಲಿ. ಕಪಿತಾನ್ ಕೆಲಿಂಗ್ ಮಸೀದಿ ರಸ್ತೆಯೊಂದರಲ್ಲೇ 1818ರ ಸೇಂಟ್ ಜಾರ್ಜ್ ಚರ್ಚ್, ಚೀನೀಯರ ಕರುಣಾದೇವಿಯ ಗುಡಿ, ತಮಿಳರ ಮಾರಿಯಮ್ಮನ ಗುಡಿಯ ಹಿಂಬದಿ, 1801ರಲ್ಲಿ ಶುರುವಾದ ಮಸೀದಿ ಸಾಲಾಗಿ ಸಿಗುತ್ತವೆ. ಗುಡಿಯ ಹತ್ತಿರ ಊದುಬತ್ತಿಯ ಹೊಗೆ, ಮಸೀದಿಯ ಕಡೆ ತಮಿಳು ಮುಸಲ್ಮಾನರ ನಾಸಿ ಕಂದಾರ್ ಎಂಬ ಅನ್ನ-ಕರಿಯ ವಾಸನೆ, ಪಕ್ಕದ ಲಿಟಲ್ ಇಂಡಿಯಾದಲ್ಲಿ ಇಡ್ಲಿ, ದೋಸೆ. ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಮುಸಲ್ಮಾನರ ಅಂಗಡಿಗಳಲ್ಲಿ ಬಾಗಿಲು ಹಾಕುವುದುಂಟು, ಆ ದಿನದ ವಾಕ್ ತಪ್ಪಿಸಿ.

ಇಂಥ ವಾಕ್ ಸಾಮಾನ್ಯವಾಗಿ 3ರಿಂದ 4 ಗಂಟೆ, ಆರೇಳು ಅಂಗಡಿ. ಒಂದು ಪ್ಲೇಟನ್ನು ಮೂರು ನಾಲ್ಕು ಜನ ಹಂಚಿಕೊಳ್ಳಿ, ಒಬ್ಬೊಬ್ಬರಿಗೆ ಎರಡು ಮೂರು ತುತ್ತು ಬಂದರೆ ಸಾಕು. ಹೊಟ್ಟೆ ತುಂಬಿಬಿಡುವುದು ತಿಂಡಿಯಿಂದಲ್ಲ, ಕುಡಿಯುವುದರಿಂದ. ತೆ ತಾರಿಕ್ ಎಂಬ ಎತ್ತಿ ಹೊಯ್ಯುವ ಚಹಾಕ್ಕೆ ಕಂಡೆನ್ಸ್‌ಡ್ ಮಿಲ್ಕ್ ಧಾರಾಳವಾಗಿ ಹಾಕುತ್ತಾರೆ. ಒಂದು ಲೋಟ ಇಳಿಸಿದರೆ ಮುಂದಿನ ಎರಡು ಅಂಗಡಿ ಬೇಡವಾಗುತ್ತದೆ. "ಕುರಂಗ್ ಮಾನಿಸ್" ಎಂದರೆ ಸಿಹಿ ಕಡಿಮೆ ಮಾಡುತ್ತಾರೆ. ಕಾಫಿಗೆ ಹಾಲೂ ಸಕ್ಕರೆಯೂ ಬೇಡವಾದರೆ "ಕೋಪಿ ಓ ಕೊಸೊಂಗ್" ಎನ್ನಿ.

ಕೋಪಿತಿಯಾಮ್ ಎಂಬ ಕಾಫಿ ಅಂಗಡಿಗಳಲ್ಲಿ ಒಂದೇ ಸೂರಿನಡಿ ಹಲವರ ಗಾಡಿ ಇರುತ್ತವೆ. ತಿಂಡಿ ಹೇಳುವಾಗ ಟೇಬಲ್ ನಂಬರ್ ಕೊಡಬೇಕು, ತಂದಿಟ್ಟವರಿಗೆ ಅಲ್ಲೇ ಹಣ ಕೊಡಬೇಕು. ಕುಡಿಯುವುದನ್ನು ಜಾಗದ ಮಾಲೀಕರಿಂದಲೇ ತೆಗೆದುಕೊಳ್ಳಬೇಕು, ಹೊರಗಿನಿಂದ ತರುವುದು ಸಲ್ಲದು. ಚಿಲ್ಲರೆ ರಿಂಗಿಟ್ ಇಟ್ಟುಕೊಂಡಿರಿ. ಹಂದಿ ಕೊಬ್ಬು ಇರಬಹುದಾದ ಚೀನೀ ಅಂಗಡಿಯ ಪೊಟ್ಟಣ ಹಿಡಿದು ಮುಸಲ್ಮಾನರ ಹೋಟೆಲಿನಲ್ಲಿ ಕೂರಬೇಡಿ. ಪರೋಟದಂಥ ರೊಟಿ ಚನಾಯ್ ಕೇಳುವಾಗ ಹಿಟ್ಟಿನಲ್ಲಿ ಮೊಟ್ಟೆ ಇದೆಯೇ ಎಂದು ವಿಚಾರಿಸಿ, ಬೇಳೆಸಾರಿನ ಮೇಲೆ ಮೀನಿನ ಕರಿ ಸುರಿಯದಂತೆ ಮೊದಲೇ ಹೇಳಿ. ತಮಿಳು ಬಂದರೆ ಈ ಮಾತು ಸಲೀಸು.

ಅಂಗಡಿಗಳ ಮುಂದಿನ ಜಗಲಿ ನೆರಳು ಕೊಡುತ್ತದೆ, ಮಳೆಯನ್ನೂ ತಡೆಯುತ್ತದೆ. ಆದರೆ ಪ್ರತಿ ಅಂಗಡಿಗೂ ಅದರ ಎತ್ತರ ಬೇರೆ, ಪಕ್ಕದಲ್ಲೇ ತೆರೆದ ಚರಂಡಿ. ಹಿಡಿತವಿರುವ ಮೆಟ್ಟು ಹಾಕಿಕೊಳ್ಳಿ. ವಾಕ್ ಮುಗಿಯುವಾಗ ತಿಂದ ಅಂಗಡಿಗಳನ್ನು ಫೋನಿನ ಮ್ಯಾಪ್‌ನಲ್ಲಿ ಗುರುತು ಮಾಡಿಸಿಕೊಂಡು, ಯಾವುದಕ್ಕೆ ವಾರದ ಯಾವ ದಿನ ರಜೆ ಎಂದೂ ಬರೆಸಿಕೊಳ್ಳಿ. ಮಾರನೆಯ ದಿನ ನೀವೇ ಹೋಗುವಾಗ ಅದು ಬೇಕಾಗುತ್ತದೆ.