ವಿರಾಜಪೇಟೆಯಿಂದ ಕಣ್ಣೂರು: ಒಂದೇ ದಿನದಲ್ಲಿ ಕೋಟೆ, ಕಡಲು, ಹಕ್ಕಿ

ಮೊದಲು ಉಬ್ಬರ ಇಳಿತದ ಸಮಯ ನೋಡಿ, ಆಮೇಲೆ ಗೈಡ್‌ಗೆ ಫೋನ್ ಮಾಡಿ. ಕಡಲು ಇಳಿದಾಗಲೇ ಕಣ್ಣೂರಿನ ಹತ್ತಿರದ ಮುಳಪ್ಪಿಲಂಗಾಡ್ ಬೀಚಿನ ಒದ್ದೆ ಮರಳಿಗೆ ಹಕ್ಕಿಗಳು ಹುಳ, ಏಡಿ ಹೆಕ್ಕಲು ಬರುವುದು, ಹಾಗಾಗಿ ಉಳಿದದ್ದನ್ನೆಲ್ಲ ಅದರ ಸುತ್ತ ಹೊಂದಿಸಿಕೊಳ್ಳಿ. ಡಿಸೆಂಬರ್, ಜನವರಿ ಒಳ್ಳೆಯದು. ವಲಸೆ ಬಂದ ಕಡಲಕಾಗೆಗಳು ಹಿಂಡಾಗಿ ಕೂತಿರುತ್ತವೆ. ಇಲ್ಲಿ ಮರಳ ಮೇಲೇ ಕಾರು ಓಡಿಸಬಹುದು. ಆದರೆ ಸುಮ್ನೆ ಹಿಂಡಿನೊಳಗೆ ನುಗ್ಗಿಸಬೇಡಿ, ದೂರ ನಿಲ್ಲಿಸಿ ಬೈನಾಕ್ಯುಲರ್ ಹಿಡಿದರೆ ಸಾಕಲ್ವಾ?

ನಸುಕಿನಲ್ಲೇ ಹೊರಟು ಮಾಕುಟ್ಟ ಘಾಟಿ ಇಳಿಯಿರಿ. ಜೋರು ಮಳೆಗಾಲದಲ್ಲಿ ಬೇಡ, ಮಣ್ಣು ಕುಸಿಯುತ್ತದೆ. ಕಣ್ಣೂರು ಊರೊಳಗೆ ಪೋರ್ಚುಗೀಸರು 1505ರಲ್ಲಿ ಕಟ್ಟಿದ ಸೇಂಟ್ ಆಂಜೆಲೋ ಕೋಟೆಯೊಂದನ್ನು ನೋಡಿದರೂ ಆಯಿತು. ಗೋಡೆ ಮೇಲಿಂದ ಮೀನುಗಾರರ ಬಂದರು ಕಾಣುತ್ತದೆ, ಗರುಡಗಳೂ ಸುತ್ತುತ್ತಿರುತ್ತವೆ. ಶಾಪಿಂಗ್ ಬಿಡಿ. ಕತ್ತಲಾಗುವ ಮುಂಚೆ ಘಾಟಿ ಹತ್ತಿ, ಆನೆ ಓಡಾಡುವ ಕಾಡು ಅದು.